ಅಸಿಮೋವ್‌ನ ಹದಿನೈದು ಪುಸ್ತಕ: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಟೀವಿಯಲ್ಲಿ ‘ಫೌಂಡೇಶನ್’ ನೋಡಿ ಪುಸ್ತಕ ಓದುವ ಆಸೆಯಾಗಿದೆ, ಹುಡುಕಿದರೆ ಅದನ್ನು ಬರೆದ ವಿಜ್ಞಾನ ಕಾದಂಬರಿಕಾರ ಐಸಾಕ್ ಅಸಿಮೋವ್‌ನದೇ ರೋಬೋಟ್, ಎಂಪೈರ್, ಫೌಂಡೇಶನ್ ಅಂತ ಹದಿನೈದು ಪುಸ್ತಕದ ಪಟ್ಟಿ ಬರುತ್ತೆ, ಎಲ್ಲಿಂದ ಶುರು ಮಾಡಲಿ, ಎಲ್ಲವನ್ನೂ ಓದಲೇಬೇಕಾ ಅಂತ ಕೇಳಿದ್ದೀರಿ.

‘ದಿ ಕೇವ್ಸ್ ಆಫ್ ಸ್ಟೀಲ್’ನಿಂದ ಶುರು ಮಾಡಿ. ಹಿಡಿಸಿದರೆ ಅದರ ಮುಂದಿನ ‘ದಿ ನೇಕೆಡ್ ಸನ್’ ಓದಿ, ಆಮೇಲೆ ಫೌಂಡೇಶನ್‌ನ ಹಳೆಯ ಮೂರು. ಈ ಐದು ಮುಗಿಯುವ ಹೊತ್ತಿಗೆ ಮುಂದಕ್ಕೆ ಬೇಕೋ ಸಾಕೋ ಅಂತ ನಿಮಗೇ ಗೊತ್ತಾಗಿರುತ್ತೆ. ಹದಿನೈದನ್ನೂ ಓದಲೇಬೇಕು ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಗೊಂದಲ ಯಾಕೆ ಅಂದರೆ, ಇವೆಲ್ಲ ಒಂದೇ ಕಥೆಯಾಗಿ ಹುಟ್ಟಿದ್ದಲ್ಲ. 1941ರ ಆಗಸ್ಟ್‌ನಲ್ಲಿ ಇಪ್ಪತ್ತೊಂದು ವಯಸ್ಸಿನ ಅಸಿಮೋವ್ ನ್ಯೂಯಾರ್ಕಿನ ಸಬ್‌ವೇಯಲ್ಲಿ ಕೂತು ಸಂಪಾದಕ ಜಾನ್ ಕ್ಯಾಂಬೆಲ್‌ನನ್ನು ನೋಡಲು ಹೊರಟಿದ್ದ. ರೋಮ್ ಕುಸಿದ ಹಾಗೆ ಇಡೀ ಗ್ಯಾಲಕ್ಸಿಯ ಸಾಮ್ರಾಜ್ಯವೇ ಕುಸಿದರೆ ಹೇಗಿರುತ್ತೆ ಅನ್ನುವ ಯೋಚನೆ ಹೊಳೆದದ್ದು ಅಲ್ಲಿ. ಅದು 1942ರಿಂದ 1950ರವರೆಗೆ ಕ್ಯಾಂಬೆಲ್‌ನ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಿಡಿ ಕಥೆಗಳಾಗಿ ಬಂದು, 1951, 1952, 1953ರಲ್ಲಿ ಮೂರು ಪುಸ್ತಕವಾಯಿತು. ರೋಬೋಟ್ ಕಥೆಗಳ ಲೋಕವೇ ಬೇರೆ ಇತ್ತು. ಆ ಮೂರು ಪುಸ್ತಕದಲ್ಲಿ ಹುಡುಕಿದರೂ ಒಂದು ರೋಬೋಟ್ ಸಿಗಲ್ಲ. ಮೂವತ್ತು ವರ್ಷದ ಆಸುಪಾಸು ಫೌಂಡೇಶನ್ ಮುಟ್ಟದೆ ಇದ್ದು, ಪ್ರಕಾಶಕರು ಬೆನ್ನುಬಿದ್ದ ಮೇಲೆ 1982ರಲ್ಲಿ ‘ಫೌಂಡೇಶನ್ಸ್ ಎಡ್ಜ್’ ಬರೆದ. ಅಲ್ಲಿಂದ ಮುಂದೆ ಎರಡು ಲೋಕವನ್ನೂ ಜೋಡಿಸುವ ಹಠ ಹತ್ತಿತು. ಎರಡು ಊರು ಬೆಳೆದು ದೊಡ್ಡದಾದ ಮೇಲೆ ಮಧ್ಯೆ ರಸ್ತೆ ಹಾಕಿದ ಹಾಗೆ.

ಇನ್ನು ಆ ಪಟ್ಟಿ. 1988ರ ‘ಪ್ರಿಲ್ಯೂಡ್ ಟು ಫೌಂಡೇಶನ್’ನ ಮುನ್ನುಡಿಯಲ್ಲಿ ಅಸಿಮೋವ್‌ನೇ ಹದಿನಾಲ್ಕು ಪುಸ್ತಕವನ್ನು ಕಥೆಯ ಕಾಲದ ಪ್ರಕಾರ ಜೋಡಿಸಿ ಕೊಟ್ಟಿದ್ದಾನೆ, ಬಹುಶಃ ಹೀಗೆ ಓದಬೇಕೇನೋ ಅನ್ನುವ ಧಾಟಿಯಲ್ಲಿ. (ಹದಿನೈದನೆಯದು ‘ಫಾರ್ವರ್ಡ್ ದಿ ಫೌಂಡೇಶನ್’, ಅವನು ತೀರಿಕೊಂಡ ಮೇಲೆ 1993ರಲ್ಲಿ ಬಂತು.) ಬರೆದವನೇ ಹೇಳಿದರೂ ನಾನು ಒಪ್ಪಲ್ಲ. ಹಾಗೆ ಓದಿದರೆ ಕೊನೆಗೆ ಹಾಕಿದ ರಸ್ತೆಯಲ್ಲೇ ಮೊದಲು ನಡೆಯಬೇಕಾಗುತ್ತೆ. ‘ಪ್ರಿಲ್ಯೂಡ್’ನಲ್ಲಿ ಯುವ ಗಣಿತಜ್ಞ ಹ್ಯಾರಿ ಸೆಲ್ಡನ್ ಸಾಮ್ರಾಜ್ಯದ ರಾಜಧಾನಿಯಾದ ಟ್ರಾಂಟರ್ ಗ್ರಹದ ತುಂಬಾ ತಲೆಮರೆಸಿಕೊಂಡು ಓಡಾಡುತ್ತಾನೆ. ಇವನು ಮುಂದೆ ಏನಾಗುತ್ತಾನೆ ಅಂತ ಗೊತ್ತಿದ್ದವರಿಗೆ ಮಾತ್ರ ಅದರ ಸ್ವಾರಸ್ಯ. ಕೊನೆಯಲ್ಲಿ ಬಯಲಾಗುವ ಒಂದು ಗುಟ್ಟಂತೂ ರೋಬೋಟ್ ಕಾದಂಬರಿ ಓದದವರಿಗೆ ಬರೀ ಒಂದು ಹೆಸರು. ಅದರಿಂದ ಶುರು ಮಾಡಿ ಅಂತ ಯಾರಾದರೂ ಹೇಳಿದರೆ ತಲೆಯಾಡಿಸಿ ಮುಂದಕ್ಕೆ ಹೋಗಿ.

‘ಕೇವ್ಸ್ ಆಫ್ ಸ್ಟೀಲ್’ ಪುಸ್ತಕವಾಗಿ ಬಂದದ್ದು 1954ರಲ್ಲಿ. ನೆಟ್ಟಗೆ ಒಂದು ಕೊಲೆ ಕೇಸು. ಭೂಮಿಯ ಜನರೆಲ್ಲ ಉಕ್ಕಿನ ಸೂರಿನಡಿಯ ಮಹಾನಗರಗಳಲ್ಲಿ ತುಂಬಿಕೊಂಡಿದ್ದಾರೆ. ಮೇಲಧಿಕಾರಿಯ ಕೋಣೆಗೆ ಒಂದು ಕಿಟಕಿ ಇರುವುದೇ ಪೊಲೀಸ್ ಪತ್ತೇದಾರ ಇಲೈಜ ಬೇಯ್ಲಿಗೆ ಕಸಿವಿಸಿ. ಬೇರೆ ಗ್ರಹಗಳಿಗೆ ಹೋಗಿ ನೆಲೆಸಿದ ಸ್ಪೇಸರ್‌ಗಳ ಪೈಕಿ ಒಬ್ಬನ ಕೊಲೆಯಾಗಿದೆ. ತನಿಖೆಗೆ ಬೇಯ್ಲಿಗೆ ಜೋಡಿಯಾಗಿ ಬರುವುದು ನೋಡಲು ಥೇಟ್ ಮನುಷ್ಯನ ಹಾಗಿರುವ ರೋಬೋಟ್, ಆರ್. ಡ್ಯಾನೀಲ್ ಒಲಿವಾ. ಬೇಯ್ಲಿಗೆ ರೋಬೋಟ್ ಅಂದರೆ ಆಗಲ್ಲ.

ಕೊಲೆಗಿಂತ ನನಗೆ ಇಷ್ಟವಾದದ್ದು ಆ ಊರಿನ ದಿನನಿತ್ಯದ ಬದುಕು. ರಸ್ತೆಯ ಬದಲು ಚಲಿಸುವ ಪಟ್ಟಿಗಳು, ಪಕ್ಕಪಕ್ಕದಲ್ಲಿ ಒಂದಕ್ಕಿಂತ ಒಂದು ವೇಗ. ಒಂದರಿಂದ ಒಂದಕ್ಕೆ ಕಾಲಿಡುತ್ತಾ ಎಕ್ಸ್‌ಪ್ರೆಸ್‌ವೇ ಹತ್ತಬೇಕು. ಹುಡುಗರು ಅದರ ಮೇಲೆ ಹಿಡಿಯುವ ಆಟ ಆಡಿ ಬೈಸಿಕೊಳ್ಳುತ್ತಾರೆ. ಬೇಯ್ಲಿ ಸಿ-5 ದರ್ಜೆಯ ನೌಕರ, ಅದಕ್ಕೇ ರಶ್ಶಿಲ್ಲದ ಹೊತ್ತಲ್ಲಿ ಮಾತ್ರ ಅವನಿಗೆ ಕೂರಲು ಸೀಟಿನ ಹಕ್ಕು. ಊಟ ಸಾರ್ವಜನಿಕ ಅಡುಗೆಮನೆಯಲ್ಲಿ, ಅದೂ ಹೆಚ್ಚಾಗಿ ಯೀಸ್ಟ್‌ನಿಂದ ಮಾಡಿದ್ದು. ಸ್ನಾನ, ಶೌಚ ಎಲ್ಲ ಸಾಮೂಹಿಕ; ಗಂಡಸರ ಕಡೆ ಒಬ್ಬರು ಇನ್ನೊಬ್ಬರನ್ನು ನೋಡುವಂತಿಲ್ಲ, ಮಾತಾಡುವಂತಿಲ್ಲ. ದರ್ಜೆ ಹೋದರೆ ಈ ಸಣ್ಣಪುಟ್ಟ ಸವಲತ್ತೆಲ್ಲ ಹೋಗುತ್ತೆ ಅನ್ನುವ ಅಂಜಿಕೆ ಬೇಯ್ಲಿಯ ತಲೆಯಲ್ಲಿ ಕೂತೇ ಇರುತ್ತೆ. ಅಂದಹಾಗೆ, ಆ ಭೂಮಿಯ ಜನಸಂಖ್ಯೆ 800 ಕೋಟಿ, ಉಸಿರಾಡಲೂ ಜಾಗವಿಲ್ಲ ಅನ್ನುವ ಸ್ಥಿತಿ. ನಾವು 2022ರಲ್ಲೇ ಆ ಸಂಖ್ಯೆ ಮುಟ್ಟಿದ್ದೇವೆ.

ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಅಷ್ಟಾಗಿ ಇಲ್ಲದಿದ್ದರೂ ಚಿಂತೆ ಬೇಡ. ಅಸಿಮೋವ್‌ನದು ಮೇಷ್ಟ್ರ ಇಂಗ್ಲಿಷ್, ಸಣ್ಣ ವಾಕ್ಯ, ಅಲಂಕಾರ ಇಲ್ಲ.

‘ಫೌಂಡೇಶನ್’ನಿಂದಲೇ ಶುರು ಮಾಡಬಾರದಾ ಅಂದರೆ, ಮಾಡಬಹುದು, ಆದರೆ ಟೀವಿ ನೋಡಿ ಬಂದವರಿಗೆ ಅದು ನಿರಾಸೆ ತರುವ ಸಾಧ್ಯತೆ ಹೆಚ್ಚು. ತದ್ರೂಪಿ ಚಕ್ರವರ್ತಿಗಳ ವಂಶ ಪುಸ್ತಕದಲ್ಲಿ ಇಲ್ಲ. ಗಾಲ್ ಡಾರ್ನಿಕ್, ಸಾಲ್ವರ್ ಹಾರ್ಡಿನ್ ಇಬ್ಬರೂ ಪುಸ್ತಕದಲ್ಲಿ ಗಂಡಸರು. ಮೊದಲ ಪುಸ್ತಕದಲ್ಲಿ ಹೆಂಗಸರನ್ನು ದುರ್ಬೀನು ಹಾಕಿ ಹುಡುಕಬೇಕು. ಐದು ಭಾಗ, ಭಾಗದಿಂದ ಭಾಗಕ್ಕೆ ದಶಕಗಳೇ ಹಾರಿಹೋಗುತ್ತವೆ. ಒಬ್ಬನ ಪರಿಚಯ ಆಯಿತು ಅನ್ನುವಷ್ಟರಲ್ಲಿ ಅವನು ಇತಿಹಾಸ ಸೇರಿರುತ್ತಾನೆ. ಯುದ್ಧಗಳೂ ಕಣ್ಣೆದುರು ನಡೆಯೋದು ಕಡಿಮೆ, ಕೋಣೆಯಲ್ಲಿ ಕೂತವರ ಮಾತುಕತೆಯೇ ಹೆಚ್ಚು. ಮಜಾ ಇರೋದು ಆ ಮಾತುಕತೆಯ ಚಾಣಾಕ್ಷತನದಲ್ಲೇ. ಸೇನೆಯಿಲ್ಲದ ಪುಟ್ಟ ಟರ್ಮಿನಸ್ ಗ್ರಹ, ಸುತ್ತ ಹೊಂಚು ಹಾಕುವ ರಾಜ್ಯಗಳಿಗೆ ಅಣುಶಕ್ತಿಯನ್ನು ಧರ್ಮದ ವೇಷ ತೊಡಿಸಿ ಕೊಡುತ್ತೆ. ಅಲ್ಲಿನ ಪೂಜಾರಿಗಳು ವಿದ್ಯುತ್ ಸ್ಥಾವರ ನಡೆಸುತ್ತಾರೆ, ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಮಾತ್ರ ಅವರಿಗೆ ಗೊತ್ತಿಲ್ಲ!

ಎರಡನೆಯ ಪುಸ್ತಕದ ಉತ್ತರಾರ್ಧ, ಮ್ಯೂಲ್ ಅನ್ನುವವನು ಬರುವ ಭಾಗ, ನನ್ನ ಪ್ರಕಾರ ಇಡೀ ಸರಣಿಯ ತುತ್ತತುದಿ. ಸೆಲ್ಡನ್‌ನ ಗಣಿತ ಲೆಕ್ಕ ಹಾಕೋದು ಕೋಟಿ ಕೋಟಿ ಜನರ ನಡೆಯನ್ನು. ಒಬ್ಬ ವ್ಯಕ್ತಿ ಏನು ಮಾಡಿಯಾನು ಅನ್ನೋದು ಅದರ ಕೈಗೆ ಸಿಗಲ್ಲ. ಇದಕ್ಕಿಂತ ಹೆಚ್ಚು ಹೇಳಲ್ಲ. ಅಲ್ಲಿಗೆ ಹೋಗುವ ತನಕ ವಿಕಿಪೀಡಿಯ ತೆರೆಯಬೇಡಿ. 1966ರಲ್ಲಿ ‘ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನೂ ಹಿಂದಿಕ್ಕಿ ಸಾರ್ವಕಾಲಿಕ ಶ್ರೇಷ್ಠ ಸರಣಿಗೆ ಹ್ಯೂಗೋ (ವಿಜ್ಞಾನ ಕಾದಂಬರಿ ಲೋಕದ ದೊಡ್ಡ ಪ್ರಶಸ್ತಿ) ಬಂದದ್ದು ಈ ಮೂರು ಪುಸ್ತಕದ ಬಲದ ಮೇಲೆ.

ಕಾದಂಬರಿಗೆ ಕೈ ಹಾಕುವ ಮೊದಲು ರುಚಿ ನೋಡಬೇಕು ಅಂತಿದ್ದರೆ ‘ಐ, ರೋಬೋಟ್’ ಕಥಾಸಂಕಲನದಲ್ಲಿರುವ ‘ರನ್‌ಅರೌಂಡ್’ ಕಥೆ ಓದಿ. ರೋಬೋಟ್‌ಗಳ ಮೂರು ನಿಯಮ (ಮನುಷ್ಯನಿಗೆ ಕೇಡು ಮಾಡಬಾರದು, ಅವನ ಅಪ್ಪಣೆ ಪಾಲಿಸಬೇಕು, ತನ್ನನ್ನು ಕಾಪಾಡಿಕೊಳ್ಳಬೇಕು) ಮೊದಲ ಸಲ ಸ್ಪಷ್ಟವಾಗಿ ಬಂದದ್ದು 1942ರ ಈ ಕಥೆಯಲ್ಲಿ. ಬುಧ ಗ್ರಹದಲ್ಲಿ ಸೆಲೆನಿಯಂ ತರಲು ಹೋದ ರೋಬೋಟ್ ವಾಪಸ್ ಬರಲ್ಲ. ಅಪ್ಪಣೆ ಕೊಟ್ಟವನು ಗಟ್ಟಿಯಾಗಿ ಒತ್ತಿ ಹೇಳಿರಲಿಲ್ಲ; ದುಬಾರಿ ಯಂತ್ರ ಅಂತ ಅದರಲ್ಲಿ ಆತ್ಮರಕ್ಷಣೆಯ ನಿಯಮವನ್ನು ಬಿಗಿ ಮಾಡಿದ್ದರು. ಹತ್ತಿರ ಹೋದರೆ ಅಪಾಯ, ದೂರ ಬಂದರೆ ಅಪ್ಪಣೆ ಎಳೆಯುತ್ತೆ. ಕುಡುಕನ ಹಾಗೆ ಹಾಡಿಕೊಂಡು ಸುತ್ತು ಹೊಡೀತಾ ಇರುತ್ತೆ.

ಹಳೆಯ ಐದು ಹಿಡಿಸಿದರೆ ಮುಂದಿನವನ್ನು ಬಂದ ವರ್ಷದ ಕ್ರಮದಲ್ಲೇ ಓದಿ: ‘ಫೌಂಡೇಶನ್ಸ್ ಎಡ್ಜ್’ (1982), ‘ರೋಬೋಟ್ಸ್ ಆಫ್ ಡಾನ್’ (1983), ‘ರೋಬೋಟ್ಸ್ ಅಂಡ್ ಎಂಪೈರ್’ (1985), ‘ಫೌಂಡೇಶನ್ ಅಂಡ್ ಅರ್ತ್’ (1986). ‘ಪ್ರಿಲ್ಯೂಡ್’ ಆಮೇಲೆ. ಇವೆಲ್ಲ ದಪ್ಪ ಪುಸ್ತಕಗಳು, ಮಾತೂ ಜಾಸ್ತಿ. ಪಟ್ಟಿಯಲ್ಲಿ ಎಂಪೈರ್ ಸರಣಿ ಅಂತ ಬರುವ ಮೂರು ಬಿಟ್ಟರೆ ನಷ್ಟವಿಲ್ಲ. ಅಸಿಮೋವ್ ಹೋದಮೇಲೆ ಬೆನ್‌ಫೋರ್ಡ್, ಬೇರ್, ಬ್ರಿನ್ ಬರೆದ ಮೂರು ಹಟ ಹಿಡಿದವರಿಗೆ ಮಾತ್ರ.

ಕೊಳ್ಳುವಾಗ ಒಂದು ವಿಷಯ ನೋಡಿಕೊಳ್ಳಿ. ಈಚಿನ ಕೆಲವು ಮುದ್ರಣಗಳಲ್ಲಿ ‘ಪ್ರಿಲ್ಯೂಡ್’ಗೇ ಮೊದಲ ಸಂಖ್ಯೆ ಹಾಕಿರುತ್ತಾರೆ. ರಕ್ಷಾಪುಟದ ಸಂಖ್ಯೆ ನಂಬದೆ ಒಳಗಿನ ಹಕ್ಕುಸ್ವಾಮ್ಯದ ಪುಟ ತೆರೆದು ವರ್ಷ ನೋಡಿ. ಬೆಂಗಳೂರಲ್ಲಿದ್ದರೆ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದಂಗಡಿಗಳನ್ನು ಮೊದಲು ತಡಕಿ, ಹೊಸದಕ್ಕೆ ದುಡ್ಡು ಸುರಿಯುವ ಅಗತ್ಯ ಬೀಳಲಿಕ್ಕಿಲ್ಲ.