ಸೊರಗಿದ ಗಿಡವನ್ನು ಒಂದೇ ದಿನಕ್ಕೆ ಬಿಸಿಲಿಗೆ ತಳ್ಳಬೇಡಿ

ಮುಂಗಾರು ಶುರುವಾದರೆ ಸಾಕು, ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಮನೆಯೊಳಗಿನ ಗಿಡ ಹೊರಗಿಡುವುದರ ಬಗ್ಗೆಯೇ. ಹೋದ ವರ್ಷವೂ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ. ಈ ಸಲ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದ ರಬ್ಬರ್ ಪ್ಲಾಂಟ್ ಎಲೆ ಉದುರಿಸಿಕೊಂಡು ಕೋಲಿನ ಹಾಗಾಗಿತ್ತು. ಏಪ್ರಿಲ್‌ನಲ್ಲಿ ಟೆರೇಸ್‌ಗೆ ಇಟ್ಟೆ. ಎರಡೇ ದಿನಕ್ಕೆ ಉಳಿದ ಎಲೆಗಳ ಮೇಲೆ ಬಿಳಿ, ಕಂದು ಕಲೆ. ಇದು ಯಾವ ರೋಗ? ನರ್ಸರಿಯಲ್ಲಿ ಟಾನಿಕ್ ಕೊಟ್ಟಿದ್ದಾರೆ, ಹಾಕಲಾ? (ಬೆಂಗಳೂರಿನ ಓದುಗರು)

ರೋಗ ಅಲ್ಲ, ಬಿಸಿಲಿಗೆ ಸುಟ್ಟಿದೆ. ಟಾನಿಕ್ ಹಾಕಬೇಡಿ. ಸುಟ್ಟ ಗಿಡಕ್ಕೆ ಟಾನಿಕ್ ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹೊರಗಿಟ್ಟಿದ್ದು ತಪ್ಪಲ್ಲ, ಇಟ್ಟ ರೀತಿ ತಪ್ಪು. ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣು ಮೋಸ ಮಾಡುತ್ತದೆ. ಪೇಪರ್ ಓದುವಷ್ಟು ಬೆಳಕಿದ್ದರೆ ಗಿಡಕ್ಕೂ ಸಾಕು ಅಂದುಕೊಳ್ಳುತ್ತೇವೆ. ಕಿಟಕಿಯಿಂದ 10 ಅಡಿ ದೂರದಲ್ಲಿ 100-200 ಲಕ್ಸ್ (ಬೆಳಕಿನ ಅಳತೆ) ಸಿಕ್ಕರೆ ಹೆಚ್ಚು. ಮಧ್ಯಾಹ್ನದ ನೇರ ಬಿಸಿಲಲ್ಲಿ ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಮನೆಯೊಳಗೆ ನಿಮ್ಮ ಗಿಡ ಹಸಿದಿತ್ತು, ಅದಕ್ಕೇ ಎಲೆ ಉದುರಿಸಿತು. ಆದರೆ ನೆರಳಲ್ಲಿ ಹುಟ್ಟಿದ ಎಲೆ ತೆಳು, ಇದ್ದಷ್ಟು ಬೆಳಕನ್ನು ಹಿಡಿದುಕೊಳ್ಳಲು ಬೆಳೆದದ್ದು, ಜಾಸ್ತಿ ಬಿದ್ದರೆ ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೊದಲು ಬಿಳಿಚುತ್ತದೆ, ಆಮೇಲೆ ಕಂದಾಗಿ ಒಣಗುತ್ತದೆ. ಆ ಕಲೆ ಮತ್ತೆ ಹಸಿರಾಗುವುದಿಲ್ಲ. ಹಾಗಂತ ಎಲೆ ಕೀಳಬೇಡಿ, ಉಳಿದ ಹಸಿರು ಭಾಗ ಇನ್ನೂ ಕೆಲಸ ಮಾಡುತ್ತಿದೆ, ಹೊಸ ಚಿಗುರು ಬಲಿತ ಮೇಲೆ ತೆಗೆದರಾಯಿತು.

ಈ ಗಿಡ ಬಿಸಿಲಿಗೆ ಹೆದರುವಂಥದ್ದೇ ಅಲ್ಲ ಅನ್ನುವುದು ನನಗೆ ಬೇಸರದ ವಿಷಯ. ಸುಳ್ಯದ ಕಡೆ ಹಾಲು ತೆಗೆಯುವ ರಬ್ಬರ್ ಬೇರೆ, ಇದು ಆಲ, ಅತ್ತಿಯ ಬಳಗದ್ದು. ಮೇಘಾಲಯದಲ್ಲಿ ಹಳ್ಳ ದಾಟಲು ಜೀವಂತ ಬೇರುಗಳ ಸೇತುವೆ ಬೆಳೆಸುತ್ತಾರಲ್ಲ, ಅದು ಇದೇ ಮರದ ಬೇರು. ಅಂಥ ಮರವನ್ನು ನಾವು ಟಿವಿ ಪಕ್ಕ ನಿಲ್ಲಿಸಿರುತ್ತೇವೆ.

ಈಗ ಮಾಡಬೇಕಾದದ್ದು ಕೇಳಿ. ವಾಪಸ್ ಹಾಲ್‌ಗೆ ಒಯ್ಯಬೇಡಿ. ಮೊದಲ ವಾರ ಆಕಾಶ ಕಾಣುವ, ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿಡಿ: ಬಾಲ್ಕನಿಯ ಒಳಮೂಲೆ, ಮರದ ಕೆಳಗೆ. ಎರಡನೇ ವಾರ ಬೆಳಗ್ಗೆ ಎಂಟೂವರೆವರೆಗಿನ ಎಳೆಬಿಸಿಲು, ಮೂರನೇ ವಾರ ಹತ್ತರವರೆಗೆ. ಅವಸರ ಬೇಡ. ಟೆರೇಸ್ ಆದರೆ ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ, ಕಾದ ಸಿಮೆಂಟಿನ ಮೇಲೆ ಕಪ್ಪು ಪ್ಲಾಸ್ಟಿಕ್ ಕುಂಡ ಇಟ್ಟರೆ ಬೇರು ಬೇಯುತ್ತದೆ. ಒಳಗೆ ವಾರಕ್ಕೊಮ್ಮೆ ನೀರು ಸಾಕಾಗುತ್ತಿತ್ತು ಅಂತ ಹೊರಗೂ ಅದೇ ಲೆಕ್ಕ ಹಿಡಿಯಬೇಡಿ. ದಿನಾ ಬೆರಳು ಊರಿ ನೋಡಿ, ಎರಡು ಇಂಚು ಒಣಗಿದ್ದರೆ ಹಾಕಿ. ಮಳೆ ಶುರುವಾದ ದಿನವೇ ಕೆಳಗಿನ ತಟ್ಟೆ ತೆಗೆದುಬಿಡಿ, ಬಿಸಿಲಿಗೆ ಸತ್ತ ಗಿಡಕ್ಕಿಂತ ತಟ್ಟೆಯಲ್ಲಿ ನಿಂತ ನೀರಿಗೆ ಬೇರು ಕೊಳೆತು ಸತ್ತ ಗಿಡಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಹೊಸ ಎಲೆ ಬರುವವರೆಗೆ ಗೊಬ್ಬರವೂ ಬೇಡ, ಕುಂಡ ಬದಲಿಸುವುದೂ ಬೇಡ.

ಇನ್ನೊಂದು ಮಾತು, ಇದರಲ್ಲಿ ನಾನು ಸ್ವಲ್ಪ ಅತಿ ಎಚ್ಚರಿಕೆಯವನು. ಎಲೆಯ ಬುಡದಲ್ಲಿ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ ಇದೆಯಾ ನೋಡದೆ ಯಾವ ಗಿಡವನ್ನೂ ಉಳಿದವುಗಳ ಜೊತೆ ಸೇರಿಸಬೇಡಿ. ನಾನು ಒಂದೇ ಒಂದು ಸಲ ಅಸಡ್ಡೆ ಮಾಡಿ ಮೂರು ದಾಸವಾಳ ಕಳೆದುಕೊಂಡೆ. ಈಗ ಯಾವ ಗಿಡ ಬಂದರೂ 15 ದಿನ ಬೇರೆ ಇಡುತ್ತೇನೆ.

ಕರಾವಳಿಯವರು ಜೂನ್, ಜುಲೈನಲ್ಲಿ ಸೂರಿನ ಕೆಳಗೇ ಇಡಿ, ಆ ಮಳೆ ಕುಂಡದ ಮಣ್ಣಿಗೆ ಜಾಸ್ತಿಯಾಯಿತು. ಕಲಬುರಗಿ, ರಾಯಚೂರಿನವರು ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸಕ್ಕೇ ಕೈ ಹಾಕಬೇಡಿ.

ಪೀಸ್ ಲಿಲಿ, ಕಲಾಥಿಯಾ ಕೂಡ ಹೀಗೇ ಬಿಸಿಲಿಗೆ ಹೊಂದಿಸಬಹುದಾ?

ಬೇಡ. ಹೊರಗಿಡಿ, ಆದರೆ ನೆರಳಲ್ಲೇ ಇರಲಿ.

ಸೊರಗಿದ ಗಿಡಕ್ಕೆ ಹಾಲು, ಸಕ್ಕರೆ ನೀರು, ಉಳಿದ ಟೀ ಹಾಕಿದರೆ ಚೇತರಿಸಿಕೊಳ್ಳುತ್ತಾ?

ಇರುವೆ ಬರುತ್ತದೆ, ಬೂಷ್ಟು ಬರುತ್ತದೆ. ಗಿಡ ಚೇತರಿಸಿಕೊಳ್ಳುವುದಿಲ್ಲ.

ಸ್ನೇಕ್ ಪ್ಲಾಂಟ್ ಹೊರಗಿಟ್ಟರೆ ಮನೆಯ ಗಾಳಿ ಶುದ್ಧವಾಗುವುದು ನಿಂತುಹೋಗುತ್ತಲ್ವಾ?

ಈ ಮಾತಿನ ಮೂಲ ನಾಸಾದ 1989ರ ಪ್ರಯೋಗ, ಅದನ್ನು ಮಾಡಿದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ನಿಮ್ಮ ಮನೆಗೆ ಕಿಟಕಿ ಇದೆ, ತೆಗೆಯಿರಿ.

ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ, ದೇವರ ಮನೆಯಲ್ಲಿಟ್ಟ ತುಳಸಿ ಪದೇ ಪದೇ ಒಣಗುತ್ತದೆ. ದೋಷ ಇದೆಯಾ?

ಯಾವ ದೋಷವೂ ಇಲ್ಲ, ಬಿಸಿಲಿಲ್ಲ ಅಷ್ಟೇ. ಹಿರಿಯರು ತುಳಸಿ ಕಟ್ಟೆಯನ್ನು ಅಂಗಳದಲ್ಲಿ ಕಟ್ಟುತ್ತಿದ್ದರು, ಒಳಗಲ್ಲ. ಸದ್ಯ ಒಣಗಿದ್ದನ್ನು ಬಿಟ್ಟುಬಿಡಿ, ಬಿಸಿಲಲ್ಲೇ ಬೆಳೆದ ಹೊಸ ಸಸಿ ತಂದು ನಾಲ್ಕೈದು ಗಂಟೆ ಬಿಸಿಲು ಬೀಳುವ ಬಾಲ್ಕನಿಯಲ್ಲಿಡಿ. ಪೂಜೆಯನ್ನೂ ಅಲ್ಲೇ ಮಾಡಿ.