ನೊಂದವರ ಕೈಗೆ ಯಾವ ಪುಸ್ತಕ ಕೊಡಬೇಕು: ಕಾದಂಬರಿಯೋ, ಆತ್ಮಕಥೆಯೋ?

ತಂದೆಯವರು ತೀರಿಕೊಂಡ ಮೇಲೆ ಓದನ್ನೇ ಬಿಟ್ಟಿದ್ದ ನಿಮ್ಮ ತಾಯಿಯವರು ಈಗ ಮತ್ತೆ ಪುಸ್ತಕ ಹಿಡಿದಿದ್ದಾರೆ, ಆದರೆ ಸ್ಫೂರ್ತಿದಾಯಕ ಎಂದು ಅಂಗಡಿಯವರು ಆರಿಸಿಕೊಟ್ಟದ್ದನ್ನೆಲ್ಲ ಕೆಲವೇ ಪುಟಗಳಲ್ಲಿ ಮುಚ್ಚಿಡುತ್ತಿದ್ದಾರೆ ಎಂದು ಬರೆದಿದ್ದೀರಿ. ಪ್ರೀತಿ, ಅಗಲಿಕೆ, ಧೈರ್ಯಗಳನ್ನು ಕುರಿತ ಕನ್ನಡದ ಕಾದಂಬರಿ ಕೊಡಬೇಕೋ, ಆತ್ಮಕಥೆ ಕೊಡಬೇಕೋ ಎಂಬುದು ನಿಮ್ಮ ಪ್ರಶ್ನೆ. ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ದುಃಖದಲ್ಲಿರುವವರು ಯಾವ ಪುಸ್ತಕವನ್ನು ಅವಧಿ ಮೀರಿದರೂ ಹಿಂದಿರುಗಿಸದೆ ಇಟ್ಟುಕೊಳ್ಳುತ್ತಿದ್ದರು, ಯಾವುದನ್ನು ಮರುದಿನವೇ ತಂದು ಮೇಜಿನ ಮೇಲಿಡುತ್ತಿದ್ದರು ಎಂಬುದನ್ನು ನೋಡಿದ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ.

ಮೊದಲಿಗೆ, ನಿಮ್ಮ ತಾಯಿಯವರು ಆ ಪುಸ್ತಕಗಳನ್ನು ಮುಚ್ಚಿಟ್ಟದ್ದು ಸರಿಯಾಗಿಯೇ ಇದೆ. ಧೈರ್ಯ ತಂದುಕೊಳ್ಳಿ ಎನ್ನುವ ಪುಸ್ತಕವು ಓದುವವರಲ್ಲಿ ಧೈರ್ಯವಿಲ್ಲ ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಗಂಡನನ್ನು ಕಳೆದುಕೊಂಡ ಮೇಲೂ ದಿನ ಬೆಳಗಾದರೆ ಎದ್ದು ಒಲೆ ಹಚ್ಚುವ ಹೆಂಗಸಿಗೆ ಅದು ಅವಮಾನದಂತೆಯೇ ಕೇಳಿಸುತ್ತದೆ. ಒಮ್ಮೆ ಇಂಥದ್ದೇ ಸಂಕಟದಲ್ಲಿದ್ದ ಒಬ್ಬರು ಕೌಂಟರಿನ ಮುಂದೆ ನಿಂತು, "ಬುದ್ಧಿ ಹೇಳೋದು ಬ್ಯಾಡ ಸಾರ್, ಜನ ಇರೋ ಪುಸ್ತಕ ಕೊಡಿ" ಎಂದಿದ್ದರು. ಪುಸ್ತಕ ಆರಿಸಲು ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಗ್ರಂಥಾಲಯ ವಿಜ್ಞಾನದ ತರಗತಿಯಲ್ಲಿಯೂ ಕಲಿತಿರಲಿಲ್ಲ.

ಕಾದಂಬರಿಯೋ ಆತ್ಮಕಥೆಯೋ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಅಪರೂಪದ ಒಂದು ಜೋಡಿ ಉತ್ತರವಿದೆ. ಎಸ್.ಎಲ್. ಭೈರಪ್ಪನವರು ತಮ್ಮ ಬಾಲ್ಯದ ನೋವನ್ನು ಮೊದಲು 1970ರಲ್ಲಿ 'ಗೃಹಭಂಗ' ಎಂಬ ಕಾದಂಬರಿಯಾಗಿಯೂ, 26 ವರ್ಷಗಳ ನಂತರ, 1996ರಲ್ಲಿ 'ಭಿತ್ತಿ' ಎಂಬ ಆತ್ಮಕಥೆಯಾಗಿಯೂ ಬರೆದರು. ಕಾದಂಬರಿಯಲ್ಲಿ ಬರುವುದು ತಿಪಟೂರು, ಚನ್ನರಾಯಪಟ್ಟಣದ ಸೀಮೆ, ಸ್ವಾತಂತ್ರ್ಯಕ್ಕೆ ಮುಂಚಿನ ಮೈಸೂರು ಸಂಸ್ಥಾನ. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಉಣ್ಣುವುದರಲ್ಲಿ ಇರುವ ಆಸಕ್ತಿ ಅವನಿಗೆ ಬೇರಾವುದರಲ್ಲಿಯೂ ಇಲ್ಲ. ಅತ್ತೆ ಗಂಗಮ್ಮನ ಬಾಯಿಯ ಬಗೆಗೆ ಹೇಳದಿರುವುದೇ ಮೇಲು. ಇವರ ನಡುವೆ ನಂಜಮ್ಮ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಕಲಿತು, ಗಂಡನ ಬದಲಿಗೆ ಖಾತೆ ಕಿರ್ದಿಗಳನ್ನು ಬರೆಯುತ್ತಾಳೆ. ಮುತ್ತುಗದ ಎಲೆ ತಂದು, ಒಣಗಿಸಿ, ಕಡ್ಡಿ ಚುಚ್ಚಿ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುತ್ತಾಳೆ. ಇಡೀ ಕಾದಂಬರಿಯಲ್ಲಿ ಅವಳ ಧೈರ್ಯ ಮಾತಾಗಿ ಬರುವುದಕ್ಕಿಂತ ಹೆಚ್ಚಾಗಿ ಹಚ್ಚಿದ ಎಲೆಗಳಾಗಿ, ಬರೆದು ಮುಗಿಸಿದ ಲೆಕ್ಕದ ಪುಟಗಳಾಗಿ ಬರುತ್ತದೆ. ಇಲಿ ಬಿದ್ದ ಸುದ್ದಿ ಹಬ್ಬಿದೊಡನೆ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ಆ ಪ್ಲೇಗು ನಂಜಮ್ಮನ ಮಕ್ಕಳಾದ ಪಾರ್ವತಿಯನ್ನೂ ರಾಮಣ್ಣನನ್ನೂ ಒಟ್ಟೊಟ್ಟಿಗೆ ಕೊಂಡೊಯ್ಯುತ್ತದೆ. ಕೊನೆಗೆ ನಂಜಮ್ಮನನ್ನೂ ಬಿಡುವುದಿಲ್ಲ. ಉಳಿದ ವಿಶ್ವನೆಂಬ ಹುಡುಗ ಊರಿನ ಜಂಗಮರಾದ ಮಾದೇವಯ್ಯನವರ ಜೊತೆಯಲ್ಲಿ ಊರು ಬಿಟ್ಟು ನಡೆಯುವಲ್ಲಿಗೆ ಕಾದಂಬರಿ ನಿಲ್ಲುತ್ತದೆ.

ಆ ಹುಡುಗ ಮುಂದೆ ಏನಾದ ಎಂಬ ಪ್ರಶ್ನೆ ಓದಿದವರನ್ನು ಬಿಡುವುದಿಲ್ಲ. ಗಿರೀಶ್ ಕಾಸರವಳ್ಳಿಯವರು ಇದನ್ನು ಧಾರಾವಾಹಿ ಮಾಡಿದ ದಿನಗಳಲ್ಲಿ ಕಾದಂಬರಿಯನ್ನು ಕೇಳಿಕೊಂಡು ಬಂದವರು, ಓದಿ ಮುಗಿಸಿ, ಇದರ ಎರಡನೆಯ ಭಾಗ ಇದೆಯೇ ಎಂದು ನನ್ನನ್ನು ಕೇಳಿದ್ದುಂಟು. ನಾನು 'ಭಿತ್ತಿ'ಯನ್ನು ತೆಗೆದು ಕೊಡುತ್ತಿದ್ದೆ. ಸಂತೇಶಿವರದ ಬಡತನ, ಪ್ಲೇಗಿಗೆ ಬಲಿಯಾದ ಒಡಹುಟ್ಟಿದವರು, ತಾಯಿ ಗೌರಮ್ಮನವರ ಸಾವು, ಆಮೇಲೆ ವಾರಾನ್ನ ಉಂಡು ಓದಿದ್ದು, ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿ ಮಾಡಿದ್ದು ಎಲ್ಲವೂ ಅದರಲ್ಲಿದೆ. ಆದರೆ ಎರಡನ್ನೂ ಹತ್ತಿರ ಹತ್ತಿರದಲ್ಲಿ ಓದಿದವರಿಗೆ ಒಂದು ವಿಚಿತ್ರ ಕಾಣಿಸುತ್ತದೆ: ಹೆಚ್ಚು ಅಳಿಸುವುದು ನಡೆದದ್ದನ್ನು ನಡೆದಂತೆಯೇ ಹೇಳುವ ಆತ್ಮಕಥೆಯಲ್ಲ, ಕಾದಂಬರಿ. ಕಾರಣ ಸರಳವಾದದ್ದೆಂದು ನನಗೆ ತೋರುತ್ತದೆ. ಆತ್ಮಕಥೆಯಲ್ಲಿ ಮಗನು ತಾಯಿಯನ್ನು ಹೊರಗಿನಿಂದ ಮಾತ್ರ ಕಾಣಬಲ್ಲ. ಅವಳು ರಾತ್ರಿ ಒಬ್ಬಳೇ ಕುಳಿತು ಏನು ಯೋಚಿಸಿದಳು ಎಂಬುದನ್ನು ಅವನು ಬರೆದರೆ ಅದು ಸುಳ್ಳಾಗುತ್ತದೆ. ಕಾದಂಬರಿಕಾರನಿಗೆ ಆ ಕಟ್ಟುಪಾಡಿಲ್ಲದ ಕಾರಣ ಅವನು ನಂಜಮ್ಮನ ಮನಸ್ಸಿನೊಳಗೆ ಕುಳಿತು ಬರೆಯಬಲ್ಲ. ಅಂದರೆ ಬಾಲಕನ ಕಣ್ಣಿಗೆ ಬೀಳದೆ ಹೋದದ್ದನ್ನು ಕಾದಂಬರಿ ತುಂಬಿಕೊಟ್ಟಿತು. ಕಾದಂಬರಿ ನಿಂತ ಜಾಗದಿಂದ ಮುಂದಿನ ದಾರಿಯನ್ನು ಆತ್ಮಕಥೆ ತೋರಿಸಿತು. ಒಂದು ಸಂಕಟ ಒಳಗಿನಿಂದ ಹೇಗಿರುತ್ತದೆ ಎಂದು ತಿಳಿಯಬೇಕಾದವರಿಗೆ ಕಾದಂಬರಿಯೂ, ಅದರ ಆಚೆಗೆ ಬದುಕು ಇರುತ್ತದೆಯೇ ಎಂದು ಕೇಳುವವರಿಗೆ ಆತ್ಮಕಥೆಯೂ ಒದಗುತ್ತವೆ.

ಇಷ್ಟು ಹೇಳಿದ ಮೇಲೂ 'ಗೃಹಭಂಗ'ವನ್ನು ನಿಮ್ಮ ತಾಯಿಯವರಿಗೆ ಮೊದಲ ಪುಸ್ತಕವಾಗಿ ಕೊಡಬೇಡಿ ಎಂದೇ ಹೇಳುತ್ತೇನೆ. ಅದರಲ್ಲಿ ಸಾವುಗಳು ಒಂದರ ಹಿಂದೆ ಒಂದು ಬರುತ್ತವೆ. ಲೇಖಕರು ಓದುಗರಿಗೆ ಉಸಿರು ತಿರುಗಿಸಿಕೊಳ್ಳಲು ಬಿಡುವುದಿಲ್ಲ. ಮೊದಲಿಗೆ ಶಿವರಾಮ ಕಾರಂತರ 'ಬೆಟ್ಟದ ಜೀವ' ಇರಲಿ. 1943ರ ಈ ಚಿಕ್ಕ ಕಾದಂಬರಿಯಲ್ಲಿ ಅಬ್ಬರದ ಘಟನೆಯೆಂದು ಹೇಳುವಂಥದ್ದು ಕಡಿಮೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನೊಬ್ಬ ಗೋಪಾಲಯ್ಯನೆಂಬ ಮುದುಕನ ಮನೆಗೆ ಬರುತ್ತಾನೆ. ಹೊರಡುತ್ತೇನೆಂದರೂ ಬಿಡದೆ ಉಪಚಾರದ ಬಲದಿಂದಲೇ ಅವನನ್ನು ಉಳಿಸಿಕೊಳ್ಳುತ್ತಾರೆ. ಗೋಪಾಲಯ್ಯನ ಮಾತು, ನಗೆ, ಹೆಂಡತಿ ಶಂಕರಮ್ಮನೊಡನೆ ಅವನ ಸರಸ, ಕಾಡು ಕಡಿದು ತೋಟ ಎಬ್ಬಿಸುವ ಹುಮ್ಮಸ್ಸು ಇವುಗಳನ್ನು ನೋಡುತ್ತಾ ಹೋದಂತೆ, ಮನೆ ಬಿಟ್ಟು ಹೋಗಿ ಹಿಂದಿರುಗದ ಮಗನ ಕೊರಗು ನಿಧಾನವಾಗಿ ಹೊರಬೀಳುತ್ತದೆ. ಉಣ್ಣಲು ವಾರಸುದಾರನಿಲ್ಲದ ತೋಟದಲ್ಲಿ ಅಡಕೆ ಸಸಿ ನೆಡುವ ಮುದುಕನನ್ನು ಕಾರಂತರು ಎಲ್ಲಿಯೂ ಹೊಗಳುವುದಿಲ್ಲ, ಅವನಿಂದ ಪಾಠ ಕಲಿಯಿರಿ ಎನ್ನುವುದೂ ಇಲ್ಲ. ಹಳೆಯ ದಂಪತಿಗಳ ಒಲವನ್ನು ಇಷ್ಟು ಹಗುರಾಗಿ, ನಾಚಿಕೆಯಿಲ್ಲದೆ ಬರೆದ ಪುಸ್ತಕ ಕನ್ನಡದಲ್ಲಿ ಬೇರೊಂದಿದ್ದರೆ ನಾನು ಕಂಡಿಲ್ಲ. ಬಹುಕಾಲ ಸಂಸಾರ ಮಾಡಿದವರು ಇದನ್ನು ಓದುತ್ತಾ ಅಳುವುದಕ್ಕಿಂತ ಹೆಚ್ಚಾಗಿ ನಗುತ್ತಾರೆ.

ಎರಡನೆಯದಾಗಿ ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ'. ಪೂರ್ಣಚಂದ್ರ ತೇಜಸ್ವಿಯವರು 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಆಮೇಲೆ ಅವರ ಪತ್ನಿ ಬರೆದದ್ದು ಇದು. ಗಂಡ ದೊಡ್ಡ ಲೇಖಕ ಎಂಬ ಭಾರವನ್ನು ಬದಿಗಿಟ್ಟು, ಮೈಸೂರಿನ ಒಲವಿನ ದಿನಗಳಿಂದ ಹಿಡಿದು ಕಾಫಿ ತೋಟದ ಬದುಕಿನವರೆಗೆ ಜೊತೆಯಲ್ಲಿ ಕಳೆದ ಕಾಲವನ್ನು ನೆನೆಯುವ ಪುಸ್ತಕವಾದ ಕಾರಣ, ಇದನ್ನು ಸಾಹಿತ್ಯ ಚರಿತ್ರೆಯಾಗಿ ಓದಬೇಕಾಗಿಲ್ಲ. ಅಗಲಿದವರ ಬಗೆಗೆ ಮಾತನಾಡುವಾಗ ಮನೆಯವರು ಸಾಮಾನ್ಯವಾಗಿ ಮಾತು ಬದಲಿಸಿಬಿಡುತ್ತಾರೆ. ನಿಮ್ಮ ಮನೆಯಲ್ಲೂ ಹಾಗೆಯೇ ಆಗುತ್ತಿರಬಹುದು. ಒಬ್ಬ ಹೆಂಗಸು ಪುಟಗಟ್ಟಲೆ, ಯಾರ ಅಪ್ಪಣೆಗೂ ಕಾಯದೆ, ತನ್ನ ಗಂಡನ ಬಗೆಗೇ ಮಾತನಾಡುತ್ತಿರುವುದನ್ನು ಓದಿದಾಗ ನಿಮ್ಮ ತಾಯಿಯವರಿಗೂ ತಮ್ಮವರ ಮಾತೆತ್ತಲು ಒಂದು ನೆವ ಸಿಗುತ್ತದೆ. ಆಗ ನೀವು ಮಾತು ಬದಲಿಸದೆ ಕುಳಿತು ಕೇಳಿದರೆ ಪುಸ್ತಕದ ಅರ್ಧ ಕೆಲಸ ಆದಂತೆ.

ಇದೇ ಸಾಲಿನಲ್ಲಿ ಅನಂತನಾಗ್ ಅವರ 'ನನ್ನ ತಮ್ಮ ಶಂಕರ'ವನ್ನೂ ಹಲವರು ಕೇಳಿಕೊಂಡು ಬರುತ್ತಿದ್ದರು. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಇಡೀ ನಾಡೇ ಮರುಗಿತ್ತು. ಸಿನಿಮಾ ನೋಡಿ ಬೆಳೆದ ಪೀಳಿಗೆಯವರಾದರೆ ನಿಮ್ಮ ತಾಯಿಯವರಿಗೆ ಅದು ಪರಿಚಿತರ ಮನೆಯ ಸುದ್ದಿಯಂತೆಯೇ ಓದಿಸಿಕೊಂಡು ಹೋಗುತ್ತದೆ.

ಧೈರ್ಯವನ್ನೇ ಮುಖ್ಯವಾಗಿ ಹುಡುಕುವುದಾದರೆ ದಾರಿ ಸ್ವಲ್ಪ ಬೇರೆ. ಡಾ. ವಿಜಯಾ ಅವರ 'ಕುದಿ ಎಸರು' 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆತ್ಮಕಥೆ. ದಾಂಪತ್ಯದ ಹಿಂಸೆಯನ್ನು ಮುಚ್ಚುಮರೆಯಿಲ್ಲದೆ ಹೇಳುವ ಪುಸ್ತಕವದು. ಒಳ್ಳೆಯ ಸಂಸಾರ ಮಾಡಿ ಗಂಡನನ್ನು ಕಳೆದುಕೊಂಡವರಿಗೆ ಈಗಲೇ ಕೊಡುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ, ನೀವು ಮಾತ್ರ ತಪ್ಪದೆ ಓದಿ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನ ಬಗೆಗೂ ಇದೇ ಎಚ್ಚರಿಕೆ ಬೇಕು: ಬಾಲವಿಧವೆಯ ಬದುಕಿನ ಆ ಕತೆ ದೊಡ್ಡದು, ಆದರೆ ವೈಧವ್ಯದ ಸುದ್ದಿಯನ್ನೇ ಕೊಟ್ಟರು ಎಂದು ತಾಯಿಯವರಿಗೆ ಅನ್ನಿಸಬಾರದು. ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯನ್ನು ಮಾತ್ರ ಯಾವ ಅಂಜಿಕೆಯೂ ಇಲ್ಲದೆ ಕೊಡಬಹುದು. ಎತ್ತುಗಳ ಬದಲು ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹೂಡಿ ಉಳುತ್ತಿರುವುದನ್ನು ಹುಡುಗನೊಬ್ಬ ನೋಡುತ್ತಾನೆ, ಅವರಲ್ಲಿ ಒಬ್ಬ ತನ್ನ ತಂದೆ. ಇಂಥ ದೃಶ್ಯವನ್ನು ಕಂಡ ಲೇಖಕನೇ ಮುಂದೆ ಓದುಗರು ಹೊಟ್ಟೆ ಹಿಡಿದು ನಗುವಂತೆ ಬರೆಯುತ್ತಾರೆ. ಆ ನಗೆಯಲ್ಲಿರುವ ಎದೆಗಾರಿಕೆ ಎಷ್ಟೆಂಬುದು ಪುಸ್ತಕ ಮುಚ್ಚಿದ ಮೇಲೆ ಗೊತ್ತಾಗುತ್ತದೆ.

ಕೊಡುವ ರೀತಿಯ ಬಗೆಗೆ ಒಂದೆರಡು ಮಾತು. ಎಲ್ಲವನ್ನೂ ಒಟ್ಟಿಗೆ ಕಟ್ಟು ಕಟ್ಟಿ ತಂದಿಟ್ಟರೆ ಔಷಧದ ಚೀಟಿಯಂತೆ ಕಾಣುತ್ತದೆ. 'ಬೆಟ್ಟದ ಜೀವ' ಒಂದನ್ನೇ ತನ್ನಿ. ಓದಿದಿರಾ, ಹೇಗಿತ್ತು ಎಂದು ಪರೀಕ್ಷೆ ಮಾಡಬೇಡಿ. ಕಣ್ಣಿನ ತೊಂದರೆ ಇದ್ದರೆ ಕೊಳ್ಳುವ ಮುಂಚೆ ಅಕ್ಷರದ ಗಾತ್ರವನ್ನು ನೋಡಿಕೊಳ್ಳಿ, ಹಳೆಯ ಮುದ್ರಣಗಳಲ್ಲಿ ಅಕ್ಷರ ಬಹಳ ಸಣ್ಣದಿರುತ್ತದೆ. ಆಗದಿದ್ದರೆ ಸಂಜೆ ಹೊತ್ತು ನೀವೇ ಓದಿ ಹೇಳಬಹುದು, ಕಾರಂತರ ಸಂಭಾಷಣೆಗಳು ಗಟ್ಟಿಯಾಗಿ ಓದಲು ಚೆನ್ನಾಗಿ ಒಗ್ಗುತ್ತವೆ. 'ಗೃಹಭಂಗ'ವನ್ನು ಅವರಾಗಿಯೇ ಕೇಳಿದ ದಿನ ಕೊಡಿ, ಜೊತೆಗೆ 'ಭಿತ್ತಿ'ಯನ್ನು ಮನೆಯಲ್ಲಿ ತಂದಿಟ್ಟಿರಿ. ವಿಶ್ವ ಊರು ಬಿಟ್ಟು ಹೊರಟ ಪುಟ ಮುಗಿದೊಡನೆ ಅವರು ಅದನ್ನು ಹುಡುಕುತ್ತಾರೆ.