ಅಪರೂಪದ ಗೆಡ್ಡೆಗಳು: ಮೊದಲ ತುಣುಕನ್ನು ಜೋಪಾನ ಮಾಡಿ

ಪ್ರಶ್ನೆ: ನನ್ನ ತಮ್ಮನ ತೊಡೆಯಲ್ಲಿ ಕೆಲವು ತಿಂಗಳಿಂದ ಒಂದು ಗಂಟು ಇದೆ. ನೋವಿಲ್ಲ, ಆದರೆ ದೊಡ್ಡದಾಗುತ್ತಿದೆ. ಕೊಬ್ಬಿನ ಗಂಟಿರಬೇಕು, ಕೊಯ್ದು ತೆಗೆದು ಆಮೇಲೆ ಪರೀಕ್ಷೆಗೆ ಕಳಿಸೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಈಗಲೇ ಒಪ್ಪಬೇಡಿ. ಗಂಟು 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಸ್ನಾಯುವಿನ ಹೊದಿಕೆಯ ಕೆಳಗೆ ಆಳದಲ್ಲಿದ್ದರೆ ಅಥವಾ ಬೆಳೆಯುತ್ತಿದ್ದರೆ, ಅದು ಸಾರ್ಕೋಮಾ (ಸ್ನಾಯು, ಕೊಬ್ಬು, ಮೂಳೆಯಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್) ಅಲ್ಲವೆಂದು ಖಚಿತವಾಗುವ ತನಕ ಸಾರ್ಕೋಮಾ ಎಂದೇ ಭಾವಿಸಿ ಮುಂದುವರಿಯಬೇಕು. ನೋವಿಲ್ಲ ಎಂಬುದರಿಂದ ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಮೃದು ಅಂಗಾಂಶದ ಸಾರ್ಕೋಮಾಗಳು ಹೆಚ್ಚಾಗಿ ನೋವಿಲ್ಲದೆಯೇ ಬೆಳೆಯುತ್ತವೆ.

ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ, ಅಂದರೆ ಗೆಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು. ಈ ಕ್ರಮ ತಪ್ಪಬಾರದು. ಸೂಜಿ ಹಾಕಿದ ಮೇಲೆ ಒಳಗೆ ರಕ್ತ ಕಟ್ಟಿ, ಊತ ಬಂದು, ಗೆಡ್ಡೆಯ ಅಂಚು ಎಲ್ಲಿ ಮುಗಿಯುತ್ತದೆ ಎಂದು ಚಿತ್ರದಲ್ಲಿ ಗುರುತಿಸುವುದು ಕಷ್ಟವಾಗುತ್ತದೆ. ಬಯಾಪ್ಸಿಗೆ 14 ಅಥವಾ 16 ಗೇಜ್‌ನ ಕೋರ್ ಸೂಜಿ (ಅಂಗಾಂಶದ ಎಳೆಯನ್ನೇ ಕೊಯ್ದು ತರುವ ದಪ್ಪ ಸೂಜಿ) ಬಳಸಿ ಹಲವು ಎಳೆಗಳನ್ನು ತೆಗೆಯುತ್ತಾರೆ. ಗೆಡ್ಡೆಯ ನಡುಭಾಗ ಸತ್ತುಹೋಗಿದ್ದರೆ ಅಲ್ಲಿಂದ ಎಷ್ಟು ಎಳೆ ತೆಗೆದರೂ ಉಪಯೋಗವಿಲ್ಲ, ಜೀವಂತ ಅಂಚಿನಿಂದಲೇ ತೆಗೆಯಬೇಕು. ತೆಳು ಸೂಜಿಯಿಂದ ಹೀರಿದರೆ ಬಿಡಿ ಕೋಶಗಳು ಸಿಗುತ್ತವೆಯೇ ಹೊರತು ಅವುಗಳ ಜೋಡಣೆ ತಿಳಿಯುವುದಿಲ್ಲ. ಸಾರ್ಕೋಮಾದ ಬಗೆ ಗುರುತಿಸಲು ಆ ಜೋಡಣೆ ಬೇಕೇ ಬೇಕು.

ಸೂಜಿ ಎಲ್ಲಿಂದ ಒಳಹೋಗಬೇಕು ಎಂಬುದನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡಲಿರುವ ವೈದ್ಯರೇ ಗುರುತು ಹಾಕಿಕೊಡಬೇಕು. ಆ ದಾರಿಯನ್ನೂ ಗೆಡ್ಡೆಯ ಜೊತೆ ಕತ್ತರಿಸಿ ತೆಗೆಯುವ ಸಂದರ್ಭ ಬರಬಹುದು. ತೆರೆದ ಬಯಾಪ್ಸಿಯೇ ಬೇಕಾದರೆ ಗಾಯದ ಗೆರೆ ಕಾಲಿನ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಅಡ್ಡ ಗೆರೆ ಹಾಕಿದರೆ ಮುಂದೆ ತೆಗೆಯಬೇಕಾದ ಚರ್ಮ, ಸ್ನಾಯುಗಳ ಅಗಲ ವಿನಾಕಾರಣ ಹೆಚ್ಚುತ್ತದೆ.

ಈಗಾಗಲೇ ಗಂಟು ತೆಗೆಸಿಕೊಂಡು, ವರದಿಯಲ್ಲಿ ಸಾರ್ಕೋಮಾ ಎಂದು ಬಂದಿರುವವರೂ ಗಾಬರಿಯಾಗಬೇಡಿ. ಶಸ್ತ್ರಚಿಕಿತ್ಸೆಯ ವಿವರಣೆ, ಮೊದಲಿನ ಸ್ಕ್ಯಾನ್ ಚಿತ್ರಗಳು, ಪ್ಯಾರಾಫಿನ್ ಬ್ಲಾಕ್ (ಗೆಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಅಚ್ಚು) ಇವಿಷ್ಟನ್ನು ತೆಗೆದುಕೊಂಡು ಸಾರ್ಕೋಮಾ ತಂಡವಿರುವ ಕೇಂದ್ರಕ್ಕೆ ಹೋಗಿ. ಅನೇಕರಿಗೆ ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಅಂಚನ್ನು ತೆಗೆಯಲು ಸಾಧ್ಯವಿದೆ.

ಪ್ರಶ್ನೆ: ಒಂದು ಲ್ಯಾಬ್ ಸೈನೋವಿಯಲ್ ಸಾರ್ಕೋಮಾ ಎಂದಿದೆ, ಇನ್ನೊಂದು ನರದ ಹೊದಿಕೆಯ ಕ್ಯಾನ್ಸರ್ ಎಂದಿದೆ. ಯಾವುದನ್ನು ನಂಬುವುದು?

ಉತ್ತರ: ಇನ್ನೂ ಯಾವುದನ್ನೂ ನಂಬಬೇಡಿ, ಮೂರನೆಯ ಪರೀಕ್ಷೆ ಮಾಡಿಸಿ. ಸೂಕ್ಷ್ಮದರ್ಶಕದಲ್ಲಿ ಈ ಎರಡರಲ್ಲೂ ಉದ್ದುದ್ದದ ಕೋಶಗಳು ಒತ್ತೊತ್ತಾಗಿ ಕಾಣುತ್ತವೆ, ನುರಿತ ಕಣ್ಣಿಗೂ ಗೊಂದಲವಾಗುತ್ತದೆ. ಯುರೋಪಿನ ಮೂರು ಪ್ರದೇಶಗಳ ಸಾರ್ಕೋಮಾ ವರದಿಗಳನ್ನು ತಜ್ಞರು ಮತ್ತೆ ಓದಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಪೂರ್ತಿ ಹೊಂದಿಕೆಯಾದದ್ದು ಅರ್ಧಕ್ಕಿಂತ ತುಸು ಹೆಚ್ಚು ಪ್ರಕರಣಗಳಲ್ಲಿ ಮಾತ್ರ. ಸುಮಾರು ಶೇ. 8ರಷ್ಟರಲ್ಲಿ ರೋಗನಿರ್ಣಯವೇ ಬೇರೆಯಾಯಿತು. ಹಾಗಾಗಿ ಎರಡನೇ ಅಭಿಪ್ರಾಯ ಕೇಳಿದರೆ ಮೊದಲನೆಯವರಿಗೆ ಬೇಸರವಾದೀತೇನೋ ಎಂಬ ಸಂಕೋಚ ಬೇಡ. ಒಳ್ಳೆಯ ಪೆಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸುವ ವೈದ್ಯರು) ತಾವಾಗಿಯೇ ಅದನ್ನು ಸೂಚಿಸುತ್ತಾರೆ.

ನೀವು ಹೇಳಿದ ಜೋಡಿಯನ್ನು ಬೇರ್ಪಡಿಸುವುದಕ್ಕೆ ಗಟ್ಟಿ ದಾರಿಯಿದೆ. ಸೈನೋವಿಯಲ್ ಸಾರ್ಕೋಮಾದಲ್ಲಿ ಎಕ್ಸ್ ಮತ್ತು 18ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ, ಎಸ್‌ಎಸ್18 ಎಂಬ ಜೀನು ಎಸ್‌ಎಸ್‌ಎಕ್ಸ್ ಎಂಬುದರ ಜೊತೆ ಬೆಸೆದುಕೊಂಡಿರುತ್ತದೆ. ಇದನ್ನು ಫಿಶ್ (FISH) ಎಂಬ ಪರೀಕ್ಷೆಯಲ್ಲಿ ಕಣ್ಣಾರೆ ನೋಡಬಹುದು. ಜೀನಿನ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು ಹೊಳೆಯುವ ಗುರುತು ಅಂಟಿಸುತ್ತಾರೆ. ಜೀನು ಸರಿಯಿದ್ದರೆ ಕಪ್ಪು ಹಿನ್ನೆಲೆಯ ನೀಲಿ ಕೋಶಕೇಂದ್ರದಲ್ಲಿ ಎರಡೂ ಚುಕ್ಕಿ ಒಂದಕ್ಕೊಂದು ತಾಗಿಕೊಂಡು ಹಳದಿಯಾಗಿ ಕಾಣುತ್ತವೆ. ಮುರಿದಿದ್ದರೆ ಕೆಂಪು ಒಂದು ಕಡೆ, ಹಸಿರು ಇನ್ನೊಂದು ಕಡೆ. ಒಂದೆರಡು ಕೋಶ ನೋಡಿ ತೀರ್ಮಾನಿಸುವುದಿಲ್ಲ. ತುಂಬಾ ಕೋಶಗಳನ್ನು ಎಣಿಸಿ, ಆ ಲ್ಯಾಬ್ ಮೊದಲೇ ಪರೀಕ್ಷಿಸಿ ನಿಗದಿಮಾಡಿಕೊಂಡ ಮಿತಿ ದಾಟಿದರೆ ಮಾತ್ರ ಪಾಸಿಟಿವ್. ನರದ ಹೊದಿಕೆಯ ಕ್ಯಾನ್ಸರ್‌ನಲ್ಲಿ ಈ ಬೆಸುಗೆ ಇರುವುದಿಲ್ಲ, ಬದಲಿಗೆ ಎಚ್3ಕೆ27ಎಂಇ3 ಎಂಬ, ಸ್ಲೈಡಿಗೆ ಬಣ್ಣ ಹಾಕಿ ನೋಡುವ ಗುರುತು ಹಲವು ಪ್ರಕರಣಗಳಲ್ಲಿ ಪೂರ್ತಿ ಮಾಯವಾಗಿರುತ್ತದೆ.

ಒಂದು ಎಚ್ಚರಿಕೆ. ಈ ಬಗೆಯ ಫಿಶ್ ಪರೀಕ್ಷೆ ಜೀನು ಮುರಿದಿದೆ ಎನ್ನುತ್ತದೆಯೇ ಹೊರತು ಯಾವುದರ ಜೊತೆ ಸೇರಿದೆ ಎನ್ನುವುದಿಲ್ಲ. ಮತ್ತೊಂದು ಬಗೆಯಾದ ಯೂಯಿಂಗ್ ಸಾರ್ಕೋಮಾದಲ್ಲಿ ಮುರಿಯುವ ಇಡಬ್ಲ್ಯೂಎಸ್‌ಆರ್1 ಜೀನು ಬೇರೆ ಹಲವು ಗೆಡ್ಡೆಗಳಲ್ಲೂ ಮುರಿದಿರುತ್ತದೆ, ಅವುಗಳ ಚಿಕಿತ್ಸೆ ಬೇರೆ. ಅಂಥಲ್ಲಿ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಜೀನಿನ ನಕಲಿನ ಅಕ್ಷರಗಳನ್ನು ಸಾಲಾಗಿ ಓದುವ ಪರೀಕ್ಷೆ) ಮಾಡಿ ಜೊತೆಗಾರ ಜೀನು ಯಾವುದೆಂದು ತಿಳಿದುಕೊಳ್ಳಬೇಕು.

ಅಭಿಪ್ರಾಯಕ್ಕೆ ಕಳಿಸುವಾಗ ಬರೀ ವರದಿಯ ನಕಲು ಸಾಲದು. ಬಣ್ಣ ಹಾಕಿದ ಎಲ್ಲ ಸ್ಲೈಡುಗಳು, ಒಂದು ಒಳ್ಳೆಯ ಬ್ಲಾಕ್, ಸ್ಕ್ಯಾನ್ ಚಿತ್ರಗಳು, ವಯಸ್ಸು ಮತ್ತು ಗೆಡ್ಡೆ ಇರುವ ಜಾಗ ಇಷ್ಟೂ ಬೇಕು. ಬ್ಲಾಕ್ ಕೊಡಲಾಗದಿದ್ದರೆ 4 ಮೈಕ್ರಾನ್ ದಪ್ಪದ ಬಣ್ಣ ಹಾಕದ 10ರಿಂದ 15 ಸ್ಲೈಡು ಕೇಳಿ. ಎಲ್ಲ ಬ್ಲಾಕುಗಳನ್ನೂ ಒಂದೇ ಪೊಟ್ಟಣದಲ್ಲಿ ಕಳಿಸಬೇಡಿ. ದಾರಿಯಲ್ಲಿ ಕಳೆದರೆ ಮರಳಿ ಸಿಗುವುದಿಲ್ಲ.

ಪ್ರಶ್ನೆ: ಮೂಳೆಯ ಗೆಡ್ಡೆಯ ಜೀನ್ ಪರೀಕ್ಷೆಗೆ ಕಳಿಸಿದ್ದೆವು. ‘ಡಿಎನ್‌ಎ ಗುಣಮಟ್ಟ ಸಾಲದು’ ಎಂದು ವಾಪಸು ಬಂತು. ಏಕೆ?

ಉತ್ತರ: ಮೂಳೆಯಾದ್ದರಿಂದ ಮೊದಲ ಅನುಮಾನ ಆಮ್ಲದ ಮೇಲೆ. ಗಟ್ಟಿ ಮೂಳೆಯನ್ನು ತೆಳ್ಳಗೆ ಕೊಯ್ಯಲು ಅದರ ಸುಣ್ಣದ ಅಂಶ ತೆಗೆಯಬೇಕು. ಹೈಡ್ರೋಕ್ಲೋರಿಕ್ ಅಥವಾ ನೈಟ್ರಿಕ್ ಆಮ್ಲ ಈ ಕೆಲಸವನ್ನು ಬೇಗ ಮುಗಿಸುತ್ತದೆ, ಜೊತೆಗೆ ಡಿಎನ್‌ಎಯನ್ನೂ ಚೂರುಚೂರು ಮಾಡುತ್ತದೆ. ಇಡಿಟಿಎ ದ್ರಾವಣ ನಿಧಾನ, ದಿನಗಳೇ ಹಿಡಿಯಬಹುದು, ಆದರೆ ಡಿಎನ್‌ಎ ಉಳಿಯುತ್ತದೆ. ಇನ್ನೂ ಸುಲಭದ ಉಪಾಯವೆಂದರೆ ಮಾದರಿಯಲ್ಲಿರುವ ಮೆತ್ತಗಿನ ತುಣುಕುಗಳನ್ನು ಮೊದಲೇ ಆರಿಸಿ, ಆಮ್ಲ ಸೋಕಿಸದೆ ಬೇರೆ ಬ್ಲಾಕ್ ಮಾಡುವುದು. ನಿಮ್ಮ ಲ್ಯಾಬ್‌ನಲ್ಲಿ ಅಂಥ ಬ್ಲಾಕ್ ಇದೆಯೇ ಎಂದು ಇವತ್ತೇ ವಿಚಾರಿಸಿ. ಇದ್ದರೆ ಮತ್ತೆ ಬಯಾಪ್ಸಿ ಮಾಡಿಸುವ ನೋವು ತಪ್ಪುತ್ತದೆ.

ಎರಡನೆಯದು ಫಾರ್ಮಲಿನ್, ಅಂದರೆ ಅಂಗಾಂಶ ಕೆಡದಂತೆ ಇಡುವ ದ್ರಾವಣ. ಶೇ. 10ರ ಬಫರ್ ಮಾಡಿದ ಫಾರ್ಮಲಿನ್ ಮಾದರಿಯ ಗಾತ್ರಕ್ಕಿಂತ ಕನಿಷ್ಠ ಹತ್ತು ಪಟ್ಟು ಇರಬೇಕು. ಅದು ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಹೆಚ್ಚೂಕಡಿಮೆ 1 ಮಿ.ಮೀ. ಮಾತ್ರ. ದೊಡ್ಡ ಗೆಡ್ಡೆಯನ್ನು ಸೀಳದೆ ಇಡಿಯಾಗಿ ಮುಳುಗಿಸಿಟ್ಟರೆ ಹೊರಗೆ ಗಟ್ಟಿಯಾಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ, ಸೀಳಿ ನೋಡಿದರೆ ನಡುಭಾಗ ಇನ್ನೂ ಕೆಂಪಗೆ, ಮೆತ್ತಗೆ, ಕೊಳೆಯತೊಡಗಿರುತ್ತದೆ. ಶಸ್ತ್ರಚಿಕಿತ್ಸೆಯಾದ ಒಂದು ಗಂಟೆಯೊಳಗೆ ಸೀಳಿ ಫಾರ್ಮಲಿನ್‌ಗೆ ಹಾಕುವುದು ಒಳ್ಳೆಯದು. ತೀರಾ ಹೆಚ್ಚು ದಿನ ಇಟ್ಟರೂ ತೊಂದರೆಯೇ: ಡಿಎನ್‌ಎ ಸಣ್ಣ ಸಣ್ಣ ತುಂಡಾಗುತ್ತದೆ, ಅದರ ಅಕ್ಷರಗಳಲ್ಲಿ ಸಿ ಇರಬೇಕಾದ ಕಡೆ ಟಿ ಎಂದು ತಪ್ಪಾಗಿ ಓದಿಸುವ ಹುಸಿ ಬದಲಾವಣೆಗಳು ಹುಟ್ಟುತ್ತವೆ. ಸಾಧಾರಣವಾಗಿ 6ರಿಂದ 48 ಗಂಟೆ ಸರಿಯಾದ ಅವಧಿ.

ಸ್ಲೈಡಿನಲ್ಲಿ ಗೆಡ್ಡೆಯ ಕೋಶಗಳೇ ಕಡಿಮೆಯಿದ್ದರೂ ಪರೀಕ್ಷೆ ಸೋಲುತ್ತದೆ. ಹಲವು ಲ್ಯಾಬುಗಳು ಕನಿಷ್ಠ ಶೇ. 20 ಕೇಳುತ್ತವೆ.

ಪ್ರಶ್ನೆ: ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ತಾಯಿಯವರ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಕಂಡಿದೆ. ಬಯಾಪ್ಸಿ ಮಾಡಿಸಬೇಕೇ?

ಉತ್ತರ: ಹಾರ್ಮೋನ್ ಪರೀಕ್ಷೆಗೆ ಮುಂಚೆ ಸೂಜಿ ಹಾಕಿಸಲೇಬೇಡಿ. ಅದು ಫಿಯೋಕ್ರೋಮೋಸೈಟೋಮಾ (ಹಾರ್ಮೋನು ಸುರಿಸುವ ಅಡ್ರಿನಲ್ ಗೆಡ್ಡೆ, ಚಿಕ್ಕದಾಗಿ ಫಿಯೋ) ಆಗಿದ್ದರೆ ಸೂಜಿ ತಾಗಿದ ಕೂಡಲೇ ಅಡ್ರಿನಲಿನ್ ಬಗೆಯ ಹಾರ್ಮೋನು ಉಕ್ಕಿ, ರಕ್ತದೊತ್ತಡ ಪ್ರಾಣಕ್ಕೆ ಅಪಾಯವಾಗುವಷ್ಟು ಏರಬಹುದು. ರಕ್ತದ ಮೆಟನೆಫ್ರಿನ್ (ಆ ಹಾರ್ಮೋನು ಒಡೆದು ಆಗುವ ವಸ್ತು) ಪರೀಕ್ಷೆ ಮಾಡಿಸಿ. ರಕ್ತ ತೆಗೆಯುವ ಮುನ್ನ ತಾಯಿಯವರು 20ರಿಂದ 30 ನಿಮಿಷ ಮಲಗಿರಬೇಕು, ಕುಳಿತು ಕೊಟ್ಟ ರಕ್ತದಲ್ಲಿ ಪ್ರಮಾಣ ಸುಳ್ಳೇ ಹೆಚ್ಚು ಬರುತ್ತದೆ. ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ಹಾಗಾಗುತ್ತದೆ, ಆದ್ದರಿಂದ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ ಕೊಡಿ.

ಫಿಯೋ ಎಂದು ಖಚಿತವಾದರೆ ಶಸ್ತ್ರಚಿಕಿತ್ಸೆಗೆ 7ರಿಂದ 14 ದಿನ ಮುಂಚಿನಿಂದ ಆಲ್ಫಾ ಬ್ಲಾಕರ್ (ರಕ್ತನಾಳ ಹಿಗ್ಗಿಸುವ ಔಷಧ) ಕೊಡುತ್ತಾರೆ. ಎದೆಬಡಿತ ಹೆಚ್ಚಿದ್ದರೆ ಅದನ್ನು ಇಳಿಸುವ ಬೀಟಾ ಬ್ಲಾಕರ್ ಆಮೇಲೆ, ಎಂದೂ ಮೊದಲಲ್ಲ. ಮೊದಲೇ ಕೊಟ್ಟರೆ ರಕ್ತನಾಳ ಹಿಗ್ಗುವ ದಾರಿ ಮುಚ್ಚಿ, ಒತ್ತಡ ಇನ್ನೂ ಏರುತ್ತದೆ. ಈ ಗೆಡ್ಡೆ ವಂಶಪಾರಂಪರ್ಯವಾಗಿ ಬರುವುದು ಅಪರೂಪವಲ್ಲದ ಕಾರಣ ಜೀನ್ ಪರೀಕ್ಷೆಯನ್ನೂ ಕೇಳಿ.

ಪ್ರಶ್ನೆ: ರೋಗಿಗಳೇ ಇಷ್ಟು ಕಡಿಮೆಯಿದ್ದರೆ ಔಷಧ ಪರೀಕ್ಷಿಸುವುದು ಹೇಗೆ?

ಉತ್ತರ: ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 6ಕ್ಕಿಂತ ಕಡಿಮೆ ಜನರಿಗೆ ಬರುವ ಕ್ಯಾನ್ಸರ್ ಅಪರೂಪದ್ದು. ಒಂದೊಂದೂ ಅಪರೂಪವಾದರೂ ಎಲ್ಲ ಸೇರಿದರೆ ಅಲ್ಲಿನ ಒಟ್ಟು ಕ್ಯಾನ್ಸರ್‌ಗಳಲ್ಲಿ ಐದನೇ ಒಂದು ಪಾಲನ್ನು ಮೀರುತ್ತವೆ. ಒಂದು ದಾರಿ, ಗೆಡ್ಡೆ ಯಾವ ಅಂಗದ್ದೆಂದು ನೋಡದೆ ಅದರ ಜೀನ್ ದೋಷ ನೋಡಿ ರೋಗಿಗಳನ್ನು ಸೇರಿಸಿಕೊಳ್ಳುವುದು. ಲಾರೊಟ್ರೆಕ್ಟಿನಿಬ್ ಔಷಧದ 2018ರ ಫಲಿತಾಂಶ ಬಂದದ್ದು 17 ಬಗೆಯ ಗೆಡ್ಡೆಗಳಿದ್ದ 55 ರೋಗಿಗಳಿಂದ. ಎಲ್ಲರಲ್ಲೂ ಇದ್ದದ್ದು ಎನ್‌ಟಿಆರ್‌ಕೆ ಜೀನಿನ ಬೆಸುಗೆ, ನಾಲ್ವರಲ್ಲಿ ಮೂವರಿಗೆ ಗೆಡ್ಡೆ ಕುಗ್ಗಿತು. ಹಾಗೆಂದು ಹೋಲಿಕೆಯ ಗುಂಪು ಬೇಡವೆಂದಲ್ಲ. ಡೆಸ್ಮಾಯ್ಡ್ (ದೂರದ ಅಂಗಗಳಿಗೆ ಹರಡದ, ನಾರಿನಂಥ ಅಂಗಾಂಶದ) ಗೆಡ್ಡೆ ಕೆಲವೊಮ್ಮೆ ತಾನಾಗಿಯೇ ಕುಗ್ಗುತ್ತದೆ, ಅಲ್ಲಿ ಹೋಲಿಕೆಯಿಲ್ಲದೆ ಔಷಧದ ಗುಣ ತಿಳಿಯದು. ನಿರೊಗಾಸೆಸ್ಟಾಟ್ ಔಷಧವನ್ನು 142 ರೋಗಿಗಳಲ್ಲಿ ಹುಸಿಮಾತ್ರೆಯ ಜೊತೆ ಹೋಲಿಸಿಯೇ ನೋಡಿದರು. ಅಮೆರಿಕದಲ್ಲಿ ಅದಕ್ಕೆ 2023ರಲ್ಲಿ ಅನುಮತಿ ದೊರೆಯಿತು.

ಜೀನಿನ ಯಾವ ಜಾಗದಲ್ಲಿ ದೋಷ ಎಂಬುದೂ ಮುಖ್ಯ. ಜಿಸ್ಟ್ ಎಂಬ ಜೀರ್ಣಾಂಗದ ಗೆಡ್ಡೆಗಳಲ್ಲಿ ಕಿಟ್ ಜೀನಿನ ದೋಷವನ್ನು 1998ರಲ್ಲಿ ಗುರುತಿಸಿದರು, ಅದನ್ನು ತಡೆಯುವ ಇಮಾಟಿನಿಬ್ ಮಾತ್ರೆಗೆ 2002ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ವಾಡಿಕೆಯ ಪ್ರಮಾಣ ದಿನಕ್ಕೆ 400 ಮಿ.ಗ್ರಾಂ. ದೋಷ ಆ ಜೀನಿನ ಎಕ್ಸಾನ್ 9 ಎಂಬ ಭಾಗದಲ್ಲಿದ್ದರೆ, ರೋಗ ಹರಡಿದ ಹಂತದಲ್ಲಿ, 800ರವರೆಗೆ ಏರಿಸುತ್ತಾರೆ. ಪಿಡಿಜಿಎಫ್‌ಆರ್‌ಎ ಜೀನಿನ ಡಿ842ವಿ ದೋಷವಿದ್ದರೆ ಇಮಾಟಿನಿಬ್ ಕೆಲಸ ಮಾಡುವುದಿಲ್ಲ, ಅವಾಪ್ರಿಟಿನಿಬ್ ಬೇಕು. ಜಿಸ್ಟ್ ಇರುವವರು ಮಾತ್ರೆ ಶುರುಮಾಡುವ ಮುನ್ನ ತಮ್ಮ ವರದಿಯಲ್ಲಿ ಎಕ್ಸಾನ್ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಅದೇ ಬ್ಲಾಕ್‌ನಿಂದ ಪರೀಕ್ಷೆ ಮಾಡಿಸಿ.